ಪ್ರಸ್ಥಾನದ ಕೆಂಪು ಚೀಲ

ಸಿಡ್ನಿಯ ಪ್ಯಾರಮಟ್ಟಾ ಬಡಾವಣೆಯ ಕನ್ನಡಿಗರಲ್ಲಿ ಚಕ್ರಪಾಣಿಯಷ್ಟು ಹುಷಾರಿನ ಮನುಷ್ಯ ಇನ್ನೊಬ್ಬನಿರಲಿಲ್ಲ. ರೈಲ್ವೆಯಲ್ಲಿ ಸಿಗ್ನಲ್ ಇಂಜಿನಿಯರು. ಸಂಶಯ ಬಂದರೆ ದೀಪ ತಾನಾಗಿ ಕೆಂಪಾಗಬೇಕು ಎನ್ನುವುದು ಅವನ ವೃತ್ತಿಯ ಮೊದಲ ಪಾಠ. ಆ ಪಾಠವನ್ನು ಅವನು ಮನೆಗೂ ತಂದಿದ್ದ. ಹಾಲಿನ ಡಬ್ಬಿಯ ಮೇಲೆ ಬರೆದ ತಾರೀಖಿಗೆ ಎರಡು ದಿನ ಮೊದಲೇ ಹಾಲನ್ನು ಸಿಂಕಿಗೆ ಸುರಿಯುತ್ತಿದ್ದ. ಅಂಥವನು ಒಂದು ವರ್ಷ ಸಂಬಳವಿಲ್ಲದ ರಜೆ ಹಾಕಿ, ಹೆಂಡತಿಯ ಜೊತೆ ಬೆನ್ನಿಗೆ ಚೀಲ ಕಟ್ಟಿಕೊಂಡು ಪ್ರಪಂಚ ಸುತ್ತಲು ಹೊರಟಿದ್ದಾನೆ ಎಂಬ ಸುದ್ದಿಯನ್ನು ಕನ್ನಡ ಸಂಘದಲ್ಲಿ ಮೊದಲು ಯಾರೂ ನಂಬಲಿಲ್ಲ. ನಂಬಿದ ಮೇಲೆ ಸುಮ್ಮನಿರಲೂ ಇಲ್ಲ.

“ಮಾರ್ಟ್‌ಗೇಜ್ ಹೊರೋ ವಯಸ್ಸಲ್ಲಿ ಮೂಟೆ ಹೊರ್ತಾರಂತೆ,” ಎಂದರು ಒಬ್ಬರು. “ಹಾಸ್ಟೆಲಲ್ಲಿ ಮಲಗೋದಂತೆ, ಬಂಕ್ ಬೆಡ್ಡಲ್ಲಿ! ಮೇಲೆ ಯಾರು, ಕೆಳಗೆ ಯಾರು?” ಎಂದರು ಇನ್ನೊಬ್ಬರು.

ಇದಕ್ಕೆಲ್ಲ ಕಾರಣ ವಸಂತಾ. ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ಬೇರೆಯವರ ರಕ್ತ ನೋಡುವ ಕೆಲಸ ಅವಳದು. ಮದುವೆಯಾದ ಹೊಸದರಲ್ಲಿ ಪತ್ರಿಕೆಯೊಂದರ ಜೊತೆ ಬಂದ ಪ್ರಪಂಚದ ನಕ್ಷೆಯನ್ನು ಅವಳು ಅಡುಗೆಮನೆಯ ಬೀರುವಿನ ಒಳಬಾಗಿಲಿಗೆ ಅಂಟಿಸಿದ್ದಳು. ಸಾಸಿವೆ ತೆಗೆಯುವಾಗ ಒಮ್ಮೆ ಕೈರೋ ನೋಡುತ್ತಿದ್ದಳು, ಇಂಗು ಇಡುವಾಗ ಇಸ್ತಾಂಬುಲ್. ಮೊದಲು ಕಾಯಮ್ಮಾಗಿ ನೆಲೆಸಲು ಪಿಆರ್ ಬರಲಿ ಎಂದ ಚಕ್ರಪಾಣಿ. ಬಂತು. ಕೆಲಸ ಪರ್ಮನೆಂಟ್ ಆಗಲಿ ಎಂದ. ಆಯಿತು. ಮನೆಯೊಂದು ಆಗಿಬಿಡಲಿ ಎಂದಾಗ ವಸಂತಾ ಒಗ್ಗರಣೆ ಸೌಟನ್ನು ಕಟ್ಟೆಯ ಮೇಲೆ ಕುಕ್ಕಿ, “ಮನೆ ಆದ್ಮೇಲೆ ಮೂವತ್ತು ವರ್ಷ ಲೋನು. ಆಮೇಲೆ ಮಂಡಿನೋವು. ಆಮೇಲೆ ನೀವು ಪ್ರಪಂಚಾನ ಬೀರು ಬಾಗಿಲಲ್ಲೇ ನೋಡ್ಬೇಕು,” ಎಂದಿದ್ದಳು. ಅವಳ ಕಣ್ಣಲ್ಲಿ ನೀರಿತ್ತು. ಮರುವಾರವೇ ಚಕ್ರಪಾಣಿ ಹೋಗಿ ಎರಡು ಟಿಕೆಟ್ ಬುಕ್ ಮಾಡಿ ಬಂದ. ಮೆಲ್ಬರ್ನಿನಿಂದ ಹೊರಟು ಫಿಜಿ, ಅಲ್ಲಿಂದ ಅಮೆರಿಕಾ, ಲಂಡನ್, ಇಸ್ತಾಂಬುಲ್, ಕೈರೋ, ಕೊನೆಗೆ ಮೈಸೂರು ನೋಡಿಕೊಂಡು ವಾಪಸ್ಸು. ಎಂಟು ವರ್ಷ ಸಿಡ್ನಿಯಲ್ಲಿದ್ದರೂ ಇಬ್ಬರೂ ಮೆಲ್ಬರ್ನ್ ಕಂಡಿರಲಿಲ್ಲವಾದ್ದರಿಂದ ಅಲ್ಲಿಯವರೆಗೆ ರೈಲಿನಲ್ಲಿ ಹೋಗುವುದೆಂದಾಯಿತು.

ಆದರೂ ವಸಂತಾಳಿಗೆ ಒಳಗೊಳಗೇ ಒಂದು ದಿಗಿಲಿತ್ತು. ಸೆವೆನ್ ಹಿಲ್ಸ್‌ನಲ್ಲಿ ಮೂರು ಬೆಡ್‌ರೂಮಿನ ಇಟ್ಟಿಗೆ ಮನೆಯೊಂದು ಮಾರಾಟಕ್ಕಿತ್ತು. ಚಕ್ರಪಾಣಿ ಅದನ್ನು ಎರಡು ಸಲ ನೋಡಿ ಬಂದಿದ್ದ, ಎರಡನೆಯ ಸಲ ಅಳತೆಯ ಟೇಪು ಹಿಡಿದುಕೊಂಡು ಹೋಗಿದ್ದ. ಆ ಏಜೆಂಟ್ ಈಗಲೂ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದ. ಚಿಕ್ಕದೊಂದು ನೆಪ ಸಿಕ್ಕರೂ ಸಾಕು, ಗಂಡನ ತಲೆಯೊಳಗಿನ ದೀಪ ಕೆಂಪಾಗುತ್ತದೆ, ತಾನು ಮತ್ತೆ ಸಾಸಿವೆ ಡಬ್ಬಿಯ ಹಿಂದಿನ ಕೈರೋಗೇ ಗತಿ ಎಂದು ಅವಳಿಗೆ ಗೊತ್ತಿತ್ತು.

ನೆಪ ಮೈಸೂರಿನಿಂದ ಬಂತು. ಪಂಚಾಂಗ ನೋಡದೆ ಪೇಪರನ್ನೂ ಬಿಡಿಸದ ಸೋದರಮಾವ ಬದರಿನಾಥರು ಫೋನಿನಲ್ಲಿ ತಾರೀಖು ಕೇಳಿ ಹೌಹಾರಿದರು. “ಡಿಸೆಂಬರ್ ಇಪ್ಪತ್ತೊಂಬತ್ತೇ? ಸೋಮವಾರ ಎಳ್ಳಮಾವಾಸ್ಯೆ ಕಣೋ! ಧನುರ್ಮಾಸ ಬೇರೆ!”

“ಟಿಕೆಟ್ ಆಗ್ಹೋಗಿದೆ ಮಾವ.”

“ಹಾಗಾದ್ರೆ ಶುಕ್ರವಾರ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಪ್ರಸ್ಥಾನ ಇಟ್ಬಿಡು. ಗಂಟು ನೀರು ದಾಟಿದ್ರೆ ಶ್ರೇಷ್ಠ. ಇಲ್ದಿದ್ರೆ ಬೀದಿ ದಾಟಿದ್ರೂ ನಡೆಯುತ್ತೆ.”

ಒಳ್ಳೆಯ ದಿನ ಹೊರಡಲಾಗದವರು ಒಳ್ಳೆಯ ಗಳಿಗೆಯಲ್ಲಿ ತಮ್ಮ ಗಂಟನ್ನು ಮುಂದಾಗಿ ಇನ್ನೊಬ್ಬರ ಮನೆಗೆ ಸಾಗಿಸುವುದು ನಮ್ಮವರ ಹಳೆಯ ಉಪಾಯ. ಗಂಟು ಹೊರಟರೆ ಯಜಮಾನನೂ ಹೊರಟಂತೆ. ಆಮೇಲೆ ಎಂಥ ಕೆಟ್ಟ ದಿನವಾದರೂ ಸರಿ, ಹೋಗುವ ದಾರಿಯಲ್ಲಿ ಗಂಟನ್ನು ಎತ್ತಿಕೊಂಡು ಮುಂದುವರಿಯಬಹುದು. ಷರತ್ತು ಒಂದೇ: ಹೊಸ್ತಿಲು ದಾಟಿದ ಗಂಟು ತಿರುಗಿ ಮನೆಯೊಳಗೆ ಬರಕೂಡದು. ಯಮಗಂಡಕಾಲಕ್ಕೂ ಬಸ್ಸಿನ ವೇಳೆಗೂ ಜಗಳವಾಗದಂತೆ ನೋಡಿಕೊಂಡ ಜಾಣರು ನಮ್ಮ ಹಿರಿಯರು.

ಬೇರೆ ಯಾರಾದರೂ ಆಗಿದ್ದರೆ ಒಂದು ಹಳೇ ಪಂಚೆ, ಒಂದು ತೆಂಗಿನಕಾಯಿ ಇಟ್ಟು ಶಾಸ್ತ್ರ ಮುಗಿಸುತ್ತಿದ್ದರು. ಚಕ್ರಪಾಣಿ ಹಾಗೆಲ್ಲ ತೇಲಿಸುವವನಲ್ಲ. “ಹಳೇ ಪಂಚೆ ಹೋದ್ರೆ ಹಳೇ ಪಂಚೆ ಹೋದ ಹಾಗೆ. ನಾವು ಹೋದ ಹಾಗೆ ಆಗ್ಬೇಕಾದ್ರೆ ಪಾಸ್‌ಪೋರ್ಟ್ ಹೋಗ್ಬೇಕು,” ಎಂದು ಎರಡು ಪಾಸ್‌ಪೋರ್ಟುಗಳನ್ನೂ ದಪ್ಪ ಟಿಕೆಟ್ ಪುಸ್ತಕಗಳನ್ನೂ ಖಾಲಿಯಾದ ಐಸ್‌ಕ್ರೀಮ್ ಡಬ್ಬಿಯಲ್ಲಿಟ್ಟು, ಮುಚ್ಚಳದ ಸುತ್ತ ಟೇಪು ಸುತ್ತಿ, ಪುಟ್ಟ ಕೆಂಪು ಬೆನ್ನುಚೀಲದ ತಳಕ್ಕೆ ಇಳಿಸಿದ. ಅದರ ಮೇಲೆ ಅರಿಸಿನ ಸವರಿದ ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ, ಎರಡು ಬಾಳೆಹಣ್ಣು, ಹಿಡಿ ಅಕ್ಷತೆ, ಕುಂಕುಮದ ಪೊಟ್ಟಣ. ಗಂಡ ಪಾಸ್‌ಪೋರ್ಟನ್ನು ತನ್ನ ಕೈಯಾರೆ ಮನೆಯಿಂದ ಆಚೆ ಕಳಿಸುತ್ತಿದ್ದಾನೆಂಬ ಸಂತೋಷದಲ್ಲಿ ವಸಂತಾಳಿಗೂ ಅದು ಹುಚ್ಚುತನ ಅನ್ನಿಸಲಿಲ್ಲ. ಶುಕ್ರವಾರ ಒಂಬತ್ತು ಹತ್ತಕ್ಕೆ ಸರಿಯಾಗಿ ಸ್ನೇಹಿತ ಗುರುದತ್ತ ಬಂದು ಚೀಲವನ್ನು ಎರಡು ಬೀದಿಯಾಚೆಯ ತನ್ನ ಮನೆಗೆ ಒಯ್ದ. ಸೋಮವಾರ ಬೆಳಿಗ್ಗೆ ಇಬ್ಬರನ್ನೂ ಸ್ಟೇಷನ್ನಿಗೆ ಬಿಡುವವನೂ ಅವನೇ.

ಸೋಮವಾರ ಆರು ಗಂಟೆಗೆ ಗುರುದತ್ತ ಹಾಜರಾದ. ವಸಂತಾ ಜೀವನದಲ್ಲಿ ಮೊದಲ ಸಲ ಜೀನ್ಸ್ ಹಾಕಿ, ಹದಿನೈದು ಕಿಲೋ ಚೀಲವನ್ನು ಬೆನ್ನಿಗೇರಿಸಿ, ಮೆಟ್ಟಿಲನ್ನು ಹುಡುಗಿಯ ಹಾಗೆ ಧಡಧಡ ಇಳಿದು ಬಂದಳು.

“ಕೆಂಪು ಚೀಲ ತಂದ್ರಾ?”

“ಮರೀಬಾರ್ದು ಅಂತ ಅವತ್ತೇ ಕಾರಿನ ಡಿಕ್ಕೀಲಿ ಇಟ್ಬಿಟ್ಟಿದೀನಿ,” ಎಂದು ಗುರುದತ್ತ ಹೆಮ್ಮೆಯಿಂದ ಹಿಂದೆ ತಿರುಗಿದ. ತಿರುಗಿದವನು ಹಾಗೇ ನಿಂತ. ಎದುರಿಗಿದ್ದದ್ದು ಅವನ ಹೆಂಡತಿಯ ಪುಟ್ಟ ನೀಲಿ ಕಾರು. “ಅಯ್ಯೋ. ಆ ಕಾರಿನ ಡಿಕ್ಕೀಲಿ.”

ಆ ಕಾರು, ಅಂದರೆ ಒಂದು ಬಾಗಿಲು ಮಾತ್ರ ಕಂದು ಬಣ್ಣದ್ದಾದ ಹಳೇ ಬಿಳಿ ಕಾರು, ಬೆಂಗಳೂರಿನ ಹುಡುಗ ಯೋಗೀಶನಿಗೆ ಮಾರಾಟವಾಗಿತ್ತು. ಹೊಸ ವರ್ಷಕ್ಕೆ ಮೆಲ್ಬರ್ನಿನಲ್ಲಿ ಕೆಲಸಕ್ಕೆ ಸೇರಬೇಕಾಗಿದ್ದ ಅವನು ಶನಿವಾರವೇ ಬಂದು ಕೀಲಿ ತೆಗೆದುಕೊಂಡು ಅಲ್ಲಿನ ಹೊರವಲಯದ ಡ್ಯಾಂಡಿನಾಂಗಿಗೆ ಹೊರಟುಹೋಗಿದ್ದ. ಅಲ್ಲಿ ಯಾರೋ ಸ್ನೇಹಿತನ ರೂಮಂತೆ. ವಿಳಾಸ ಗೊತ್ತಿಲ್ಲ. ಫೋನ್ ಇನ್ನೂ ಹಾಕಿಸಿಲ್ಲ.

ಚಕ್ರಪಾಣಿ ಫುಟ್‌ಪಾತಿನ ಮೇಲೆ ಕೂತುಬಿಟ್ಟ. ಫ್ಲೈಟು ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ. ಮೊದಲನೆಯ ವಿಮಾನ ತಪ್ಪಿದರೆ ಪ್ರಪಂಚದ ಉಳಿದ ಟಿಕೆಟ್ಟೆಲ್ಲ ರದ್ದು. ಇಪ್ಪತ್ತನಾಲ್ಕು ಗಂಟೆ ಮೊದಲೇ ಫೋನ್ ಮಾಡಿ ಬೇಡವೆಂದರೆ ದುಡ್ಡು ವಾಪಸ್ಸು.

“ಇವತ್ತು ಹನ್ನೆರಡರವರೆಗೂ ಟೈಮಿದೆ. ಕ್ಯಾನ್ಸಲ್ ಮಾಡಿಬಿಡೋಣ ವಸಂತಾ,” ಎಂದ ಮೆಲ್ಲಗೆ. “ಅಮಾವಾಸ್ಯೆ ಬೇರೆ. ಅಲ್ಲಿ ಎಲ್ಲೀಂತ ಹುಡ್ಕೋದು? ಇದು ಅಪಶಕುನಾನೇ ಇರ್ಬೇಕು. ಮುಂದಿನ ವರ್ಷ ನೋಡೋಣ.”

ಮುಂದಿನ ವರ್ಷ! ಖಾಲಿ ಮಾಡಿದ ಬಾಡಿಗೆ ಫ್ಲ್ಯಾಟಿನ ಬೀಗದ ಕೈ ಇನ್ನೂ ವಸಂತಾಳ ಮುಷ್ಟಿಯಲ್ಲೇ ಇತ್ತು. ಒಂದು ಸಲ ಮೇಲೆ ಹತ್ತಿ ಬಾಗಿಲು ತೆಗೆದರೆ, ಒಂದು ಲೋಟ ಕಾಫಿ ಕುಡಿದರೆ ಎಲ್ಲ ಮುಗಿಯಿತು. ಅವಳು ಚೀಲ ಹೊತ್ತುಕೊಂಡೇ ಬೀದಿಯ ಮೂಲೆಗೆ ಓಡಿದಳು. ಅಲ್ಲಿ ರೆಂಟ್ ಏಜೆಂಟನ ಆಫೀಸು ರಜೆಯಲ್ಲಿ ಮುಚ್ಚಿತ್ತು. ಬಾಗಿಲಿನಲ್ಲಿ ಕಾಗದ ಹಾಕುವ ಸೀಳಿನೊಳಗೆ ಬೀಗದ ಕೈ ಹಾಕಿದಳು. ಒಳಗೆ ನೆಲದ ಮೇಲೆ ಅದು ಠಣ್ ಎಂದದ್ದು ಅವಳಿಗೆ ಕೇಳಿಸಿತು.

ಏದುಸಿರು ಬಿಡುತ್ತ ವಾಪಸ್ ಬಂದು ಗಂಡನ ಮುಂದೆ ನಿಂತಳು. “ರೀ, ಮಾವ ಏನ್ ಹೇಳಿದ್ರು? ಗಂಟು ಹೊರಟ್ರೆ ನಾವು ಹೊರಟ ಹಾಗೆ ಅಂತ ತಾನೆ? ಶುಕ್ರವಾರ ಒಂಬತ್ತು ಹತ್ತಕ್ಕೇ ನಾವು ಹೊರಟಾಯ್ತು. ಈಗ ತಿರುಗಿ ಮನೆಗೆ ಹೋಗೋದು ಅಪಶಕುನ. ನಮ್ ಗಂಟು ನಮಗಿಂತ ಮುಂಚೆ ಮೆಲ್ಬರ್ನ್ ಮುಟ್ಟಿದೆ, ನಾವು ಹೋಗ್ಬೇಕಾದ ದಿಕ್ಕಲ್ಲೇ ಹೋಗಿದೆ. ಇದಕ್ಕಿಂತ ಶುಭ ಶಕುನ ಬೇಕಾ ನಿಮಗೆ? ಏಳಿ ಮೇಲೆ!”

ಶಾಸ್ತ್ರದ ಮುಂದೆ ಚಕ್ರಪಾಣಿಗೆ ಬಾಯಿರಲಿಲ್ಲ. ಮೇಲಾಗಿ ಮನೆಯ ಬೀಗದ ಕೈಯೂ ಇರಲಿಲ್ಲ. ಎದ್ದ.

ಏಳೂ ಮುಕ್ಕಾಲಿಗೆ ರೈಲು ಸಿಡ್ನಿ ಬಿಟ್ಟಿತು. ಹೊರಗೆ ಬೇಸಿಗೆಯ ಹುಲ್ಲು ಹೊಂಬಣ್ಣಕ್ಕೆ ತಿರುಗಿ ಗುಡ್ಡದಿಂದ ಗುಡ್ಡಕ್ಕೆ ಹಬ್ಬಿತ್ತು. ಬೇಲಿಯ ಪಕ್ಕದಲ್ಲಿ ಕಾಂಗರೂಗಳು ಎದ್ದು ನಿಂತು ರೈಲನ್ನು ವಿಚಾರಿಸಿಕೊಂಡವು. ಎಂಟು ವರ್ಷ ಈ ದೇಶದಲ್ಲಿದ್ದು ಮೃಗಾಲಯದ ಹೊರಗೆ ಅವನ್ನು ಕಂಡದ್ದು ಇದೇ ಮೊದಲೆಂದು ವಸಂತಾ ಚಪ್ಪಾಳೆ ತಟ್ಟಿದಳು. ಹಿಂದಿನ ಸೀಟಿನಲ್ಲಿ ಕೂತಿದ್ದ ಜರ್ಮನಿಯ ಹುಡುಗಿಯೊಬ್ಬಳು ಇವರ ಚೀಲ ನೋಡಿ, ಎಷ್ಟು ತಿಂಗಳಿಂದ ಸುತ್ತುತ್ತಿದ್ದೀರಿ ಎಂದು ಕೇಳಿದಳು. “ಒಂದು ಗಂಟೆಯಿಂದ,” ಎಂದಳು ವಸಂತಾ, ತುಂಬ ಹೆಮ್ಮೆಯಿಂದ.

ಚಕ್ರಪಾಣಿ ಮಾತ್ರ ಗಡಿಯಾರ ನೋಡಿಕೊಳ್ಳುತ್ತಿದ್ದ. ಹತ್ತೂಕಾಲಕ್ಕೆ ಗೋಲ್ಬರ್ನ್ ಸ್ಟೇಷನ್ ಬಂದಾಗ ಥಟ್ಟನೆ ಎದ್ದ. “ಒಂದು ಫೋನ್ ಮಾಡ್ಬೇಕು,” ಎಂದಷ್ಟೇ ಹೇಳಿ ಇಳಿದುಹೋದ.

ವಸಂತಾ ಕಿಟಕಿಗೆ ಹಣೆ ಒತ್ತಿಕೊಂಡು ನೋಡಿದಳು. ಪ್ಲ್ಯಾಟ್‌ಫಾರ್ಮಿನ ಫೋನಿನ ಮುಂದೆ ಅವನ ಬೆನ್ನು ಕಾಣುತ್ತಿತ್ತು. ರಿಸೀವರ್ ಎತ್ತಿದ. ಅವಳು ಎದ್ದು ಹೋಗಿ ಕೈ ಹಿಡಿದೆಳೆಯಬಹುದಿತ್ತು, ಹೋಗಲಿಲ್ಲ. ಬೀಗದ ಕೈ ಎಸೆದು ಅವನನ್ನು ರೈಲಿಗೆ ಹತ್ತಿಸಿದ್ದಳು, ಆದರೆ ಅವನನ್ನು ಎಳೆದುಕೊಂಡು ಪ್ರಪಂಚ ಸುತ್ತಲಾಗುವುದಿಲ್ಲವಲ್ಲ. ಗಾರ್ಡು ಸೀಟಿ ಊದಿದ. ಚಕ್ರಪಾಣಿ ಓಡಿ ಬಂದು ಹತ್ತಿದ.

“ಮಾಡಿದ್ರಾ?”

“ಚಿಲ್ಲರೆ ಇರ್ಲಿಲ್ಲ,” ಎಂದು ಕಿಟಕಿಯಾಚೆ ನೋಡಿದ. ಕೂರುವಾಗ ಅವನ ಪ್ಯಾಂಟಿನ ಜೇಬಿನಲ್ಲಿ ಚಿಲ್ಲರೆ ಝಣಝಣ ಎಂದಿತು. ವಸಂತಾ ಚೀಲದಿಂದ ಚಕ್ಕುಲಿ ತೆಗೆದು ಅವನ ಕೈಗೆ ಕೊಟ್ಟಳು. ಹನ್ನೆರಡು ಗಂಟೆ ಬಂತು, ಹೋಯಿತು. ಇನ್ನು ದುಡ್ಡೂ ವಾಪಸ್ಸಿಲ್ಲ. ಇಬ್ಬರೂ ಚಕ್ಕುಲಿ ಕಟಕಟ ಕಡಿಯುತ್ತ ಮರ್ರೇ ನದಿ ದಾಟಿದರು.

ಮೆಲ್ಬರ್ನಿನಲ್ಲಿ ಇಳಿದು, ಇನ್ನೊಂದು ರೈಲು ಹಿಡಿದು ಡ್ಯಾಂಡಿನಾಂಗ್ ಮುಟ್ಟಿದಾಗ ಎಂಟು ಹೊಡೆದಿತ್ತು. ಡಿಸೆಂಬರಿನ ಹಗಲು ಉದ್ದ. ಬಿಸಿಲು ಇನ್ನೂ ಬೀದಿಯಲ್ಲೇ ಇತ್ತು.

“ಈಗೇನು? ಮನೆಮನೆ ಬಾಗಿಲು ತಟ್ಟೋದಾ?” ಎಂದ ಚಕ್ರಪಾಣಿ.

“ಬೆಂಗಳೂರು ಹುಡುಗ, ವೆಜಿಟೇರಿಯನ್ನು, ಹೊಸ ಊರು. ಮೊದಲನೇ ದಿನ ಎಲ್ಲಿಗ್ರೀ ಹೋಗ್ತಾನೆ? ಕೊತ್ತಂಬರಿ ಸೊಪ್ಪು ಎಲ್ಲಿ ಸಿಗುತ್ತೋ ಅಲ್ಲಿಗೆ,” ಎಂದಳು ವಸಂತಾ.

ಸ್ಟೇಷನ್ನಿನ ಹತ್ತಿರವೇ ಇಂಡಿಯನ್ ಅಂಗಡಿಯೊಂದಿತ್ತು. ಫಿಜಿಯಿಂದ ಬಂದು ನೆಲೆಸಿದ ದಪ್ಪನೆಯ ಹೆಂಗಸೊಬ್ಬಳು ಷಟರ್ ಎಳೆಯುತ್ತಿದ್ದಳು. ವಸಂತಾ ತನ್ನ ಮೈಸೂರು ಹಿಂದಿಯಲ್ಲಿ, ಆ ಹೆಂಗಸು ತನ್ನ ಫಿಜಿ ಹಿಂದಿಯಲ್ಲಿ, ಇಬ್ಬರೂ ವ್ಯಾಕರಣಕ್ಕೆ ಕೈಮುಗಿದು ಮಾತಾಡಿದರು. ಬಂದಿದ್ದನಂತೆ ಅಂಥ ಹುಡುಗ. ಒಂದು ಬಾಗಿಲು ಕಂದು ಬಣ್ಣದ ಕಾರು, ಸಿಡ್ನಿಯ ಹಳದಿ ನಂಬರ್ ಪ್ಲೇಟು. ಈಗ ಅರ್ಧ ಗಂಟೆ ಹಿಂದೆ. ಆದರೆ ಅವನು ಕೇಳಿದ್ದು ಕೊತ್ತಂಬರಿ ಸೊಪ್ಪಲ್ಲ.

“ಏಳು ನಿಂಬೆಹಣ್ಣು, ಕರ್ಪೂರ,” ಎಂದಳು ಆಕೆ. “ಆಮೇಲೆ ಕೇಳಿದ, ಹರಿಯೋ ನೀರು ಎಲ್ಲಿದೆ ಅಂತ. ನಾನು ಹೊಳೆ ತೋರಿಸಿದೆ. ಹುಡುಗನ ಮುಖದಲ್ಲಿ ರಕ್ತ ಇರಲಿಲ್ಲ.”

ಅಮಾವಾಸ್ಯೆ. ಏಳು ನಿಂಬೆಹಣ್ಣು. ಹರಿಯುವ ನೀರು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಡಿಕ್ಕಿಯಲ್ಲಿ ಅಕ್ಷತೆ, ಕುಂಕುಮ, ಅರಿಸಿನ ಬಳಿದ ತೆಂಗಿನಕಾಯಿ!

“ಅಯ್ಯೋ ದೇವರೇ,” ಎಂದಳು ವಸಂತಾ. “ಯಾರೋ ಮಾಟ ಮಾಡ್ಸಿದಾರೆ ಅಂದ್ಕೊಂಡಿದಾನೆ! ಹೊಳೆಗೆ ಬಿಡಕ್ಕೆ ಹೋಗಿದಾನೆ!”

ಮಾಟ ಎಂದರೇನೆಂದು ಅಂಗಡಿಯಾಕೆಗೆ ಬಿಡಿಸಿ ಹೇಳಬೇಕಾಗಲಿಲ್ಲ. ಫಿಜಿಯಲ್ಲೂ ಅಮಾವಾಸ್ಯೆ ಇದೆ. ಷಟರನ್ನು ಅರ್ಧಕ್ಕೇ ಬಿಟ್ಟು, ತನ್ನ ವ್ಯಾನಿನಲ್ಲಿ ಅಕ್ಕಿ ಮೂಟೆಗಳ ನಡುವೆ ಇಬ್ಬರನ್ನೂ ತುಂಬಿಕೊಂಡು ಹೊರಟಳು. ಐದೇ ನಿಮಿಷಕ್ಕೆ ಹೊಳೆಯ ಸೇತುವೆ. ಸೇತುವೆಯ ಪಕ್ಕದಲ್ಲಿ ಬಿಳಿ ಕಾರು, ಕಂದು ಬಾಗಿಲು, ಅರಿಸಿನದ ಬಣ್ಣದ ನಂಬರ್ ಪ್ಲೇಟು. ಕೆಳಗೆ ದಡದಲ್ಲಿ ಯೋಗೀಶ ನಿಂತಿದ್ದ. ತಲೆಯ ಮೇಲೆ ಒದ್ದೆ ಟವೆಲ್ಲು, ಬಲಗೈಯಲ್ಲಿ ಉದ್ದನೆಯ ಕೋಲು, ಕೋಲಿನ ತುದಿಯಲ್ಲಿ ಕೆಂಪು ಚೀಲ. ಕೈಯಿಂದ ಮುಟ್ಟಲೂ ಅವನಿಗೆ ಧೈರ್ಯವಿಲ್ಲ.

ವಸಂತಾ ವ್ಯಾನಿನಿಂದ ಹಾರಿ ಇಳಿಜಾರಿನಲ್ಲಿ ಓಡಿದಳು. ದಿನವಿಡೀ ಪ್ರಯಾಣ ಮಾಡಿ ಜಡೆ ಬಿಚ್ಚಿಹೋಗಿತ್ತು. “ಯೋಗೀಶಾ! ಬಿಡಬೇಡ್ವೋ!” ಎಂದು ಗಂಟಲು ಹರಿಯುವಂತೆ ಕೂಗಿದಳು.

ಯೋಚಿಸಿ ನೋಡಿ. ಗುರುತು ಪರಿಚಯವಿಲ್ಲದ ಊರು, ಅಮಾವಾಸ್ಯೆಯ ಸಂಜೆ, ಹಿಂದಿನಿಂದ ತಲೆಗೂದಲು ಕೆದರಿದ ಹೆಂಗಸೊಬ್ಬಳು ಕನ್ನಡದಲ್ಲಿ ಹೆಸರು ಹಿಡಿದು ಕರೆಯುತ್ತಾಳೆ. ಪಾಪದ ಹುಡುಗ ಮತ್ತೇನು ಮಾಡಿಯಾನು? “ಅಮ್ಮಾ!” ಎಂದು ಕಿರುಚಿ ಕೋಲು, ಚೀಲ ಎರಡನ್ನೂ ನೀರಿಗೆಸೆದು, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಕೂತುಬಿಟ್ಟ.

ಚೀಲ ಒಮ್ಮೆ ಮುಳುಗಿ ಎದ್ದಿತು. ತೆಂಗಿನಕಾಯಿ ಬೇರೆಯಾಗಿ ತೇಲಿ ಮುಂದೆ ಹೋಯಿತು, ಹಿಂದೆಯೇ ಚೀಲವೂ ಹೊರಟಿತು. ಫಿಜಿ, ಇಸ್ತಾಂಬುಲ್, ಕೈರೋ ಎಲ್ಲ ವಸಂತಾಳ ಕಣ್ಣೆದುರಿಗೇ ಡ್ಯಾಂಡಿನಾಂಗಿನ ಹೊಳೆಯಲ್ಲಿ ತೇಲಿಹೋಗುತ್ತಿದ್ದವು.

ಆಗ ಅವಳ ಪಕ್ಕದಿಂದ ಏನೋ ಧಡ್ಡನೆ ಹಾದುಹೋಯಿತು. ಚಕ್ರಪಾಣಿ. ಈಜು ಬಾರದ, ಶಾಂಪೂ ಬಾಟಲಿಯ ಮೇಲಿನ ಎಚ್ಚರಿಕೆಯನ್ನೂ ಪೂರ್ತಿ ಓದುವ ಚಕ್ರಪಾಣಿ, ನೀರು ಎಷ್ಟು ಆಳವೆಂದು ನೋಡದೆ, ಬೆನ್ನಿನ ಹದಿನೈದು ಕಿಲೋ ಚೀಲವನ್ನೂ ಇಳಿಸದೆ ಹೊಳೆಗೆ ಹಾರಿದ್ದ. ನೀರು ತೊಡೆಯುದ್ದ ಮಾತ್ರ ಇತ್ತು. ಆದರೆ ಬೆನ್ನ ಭಾರಕ್ಕೆ ಜಾರಿ, ಮಗುಚಿದ ಆಮೆಯ ಹಾಗೆ ಕೈಕಾಲು ಮೇಲೆ ಮಾಡಿ ಬಿದ್ದ. ಬಿದ್ದಲ್ಲಿಂದಲೇ ಕೈ ಚಾಚಿ ಕೆಂಪು ಚೀಲದ ಪಟ್ಟಿ ಹಿಡಿದ. “ಸಿಕ್ತು ಕಣೇ!” ಎಂದು ಅರಚಿದ. “ವಸಂತಾ, ಸಿಕ್ತು!”

ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ. ತಾನೂ ನೀರಿಗಿಳಿದು ಗಂಡನನ್ನು ಎಬ್ಬಿಸಿದಳು.

ದಡದಲ್ಲಿ ಯೋಗೀಶ ತೊದಲುತ್ತ ತನ್ನ ಕಷ್ಟ ಹೇಳಿಕೊಂಡ. “ದಾರೀಲಿ ಎರಡು ಪಂಕ್ಚರ್ ಆಂಟಿ. ರೇಡಿಯೇಟರ್ ಬೇರೆ ಕುದೀತು. ಇವತ್ತು ಡಿಕ್ಕೀಲಿ ಏನೋ ವಾಸನೆ ಅಂತ ತೆಗೆದು ನೋಡಿದ್ರೆ ಕೊಳೆತ ಬಾಳೆಹಣ್ಣು, ಕುಂಕುಮ, ಕಾಯಿ! ಗುರುದತ್ತ ಅಂಕಲ್ ಅಷ್ಟು ಚೀಪಾಗಿ ಕಾರು ಯಾಕೆ ಕೊಟ್ರು ಅಂತ ಅವಾಗ ಅರ್ಥ ಆಯ್ತು. ಕೆಳಗೆ ಏನಿದೆ ಅಂತ ನೋಡಕ್ಕೆ ಧೈರ್ಯ ಬರ್ಲಿಲ್ಲ.”

“ಆಂಟಿ ಅನ್ಬೇಡ,” ಎಂದಳು ವಸಂತಾ. ಅಷ್ಟರಲ್ಲಿ ಅವಳು ಐಸ್‌ಕ್ರೀಮ್ ಡಬ್ಬಿಯ ಟೇಪು ಹರಿಯುತ್ತಿದ್ದಳು. ಮುಚ್ಚಳ ತೆಗೆದಳು. ಪಾಸ್‌ಪೋರ್ಟು ನೆನೆದಿರಲಿಲ್ಲ, ಟಿಕೆಟ್ ಪುಸ್ತಕ ನೆನೆದಿರಲಿಲ್ಲ. ಅವೆರಡರ ನಡುವೆ ಅವಳು ಇಡದ ಒಂದು ವಸ್ತುವಿತ್ತು: ಸೆವೆನ್ ಹಿಲ್ಸ್ ಮನೆಯ ಏಜೆಂಟನ ಕಾರ್ಡು. ಅದರ ಹಿಂದೆ ಚಕ್ರಪಾಣಿಯ ಗುಂಡು ಅಕ್ಷರದಲ್ಲಿ ಅಡುಗೆಮನೆಯ ಅಳತೆ.

ಚಕ್ರಪಾಣಿ ತಲೆ ತಗ್ಗಿಸಿದ. ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು. “ಅಕಸ್ಮಾತ್ ಬೇಕಾದ್ರೆ ಇರ್ಲಿ ಅಂತ...” ಎಂದವನು ಅವಳ ಕೈಯಿಂದ ಕಾರ್ಡು ತೆಗೆದುಕೊಂಡು, ಬಗ್ಗಿ, ಅದರಿಂದ ಮೊದಲು ತನ್ನ ಷೂಗಳಿಗೆ, ಆಮೇಲೆ ಅವಳ ಷೂಗಳಿಗೆ ಮೆತ್ತಿದ್ದ ಕೆಸರನ್ನು ಚೆನ್ನಾಗಿ ಕೆರೆದ. ಗಟ್ಟಿ ಕಾರ್ಡು, ಕೆಸರು ಸಲೀಸಾಗಿ ಬಂತು.

“ಹೋಗ್ಲಿ ಬಿಡು,” ಎಂದ. “ಗಂಟು ನೀರು ದಾಟ್ಬೇಕು ಅಂತ ಮಾವ ಹೇಳಿದ್ರಲ್ಲ. ದಾಟ್ತು.”

ಆ ರಾತ್ರಿ ಯೋಗೀಶನ ರೂಮಿನಲ್ಲೇ ಇಬ್ಬರೂ ತಂಗಿದರು. ಬೆಳಿಗ್ಗೆ, ಆ ಏಳು ನಿಂಬೆಹಣ್ಣು ದಂಡವಾಗಬಾರದೆಂದು ವಸಂತಾ ಚಿತ್ರಾನ್ನ ಕಲಸಿ, ತೊಳೆದ ಐಸ್‌ಕ್ರೀಮ್ ಡಬ್ಬಿಗೆ ತುಂಬಿದಳು. ಫಿಜಿಯ ಹೆಂಗಸು ಅಲ್ಲಿರುವ ತನ್ನ ತಂಗಿಯ ವಿಳಾಸ ಬರೆದುಕೊಟ್ಟು, ಪ್ರಪಂಚದಲ್ಲಿ ಹೊಸ ವರ್ಷದ ಸೂರ್ಯನನ್ನು ಮೊದಲು ನೋಡುವವರ ಸಾಲಿನಲ್ಲಿ ನೀವಿರುತ್ತೀರಿ ಎಂದಳು. ಕಂದು ಬಾಗಿಲಿನ ಕಾರು ಒಂದು ಪಂಕ್ಚರೂ ಇಲ್ಲದೆ ಅವರನ್ನು ವಿಮಾನ ನಿಲ್ದಾಣಕ್ಕೆ ಮುಟ್ಟಿಸಿತು.

ಬೋರ್ಡಿಂಗ್ ಪಾಸ್ ಕೈಗೆ ಬಂದ ಮೇಲೆ ಚಕ್ರಪಾಣಿ ಜೇಬಿಗೆ ಕೈ ಹಾಕಿದ. ಗೋಲ್ಬರ್ನಿನಲ್ಲಿ ಇಲ್ಲದಿದ್ದ ಚಿಲ್ಲರೆಯನ್ನೆಲ್ಲ ಹೆಂಡತಿಯ ಎದುರಿಗೇ ತೆಗೆದು, ಒಂದೊಂದಾಗಿ ಫೋನಿಗೆ ಹಾಕಿದ. ಮೈಸೂರಿನಲ್ಲಿ ಆಗಿನ್ನೂ ಬೆಳಗಾಗುವ ಹೊತ್ತು.

“ಮಾವಾ!” ಎಂದು ಅವನು ಕೂಗಿದ ಸಂಭ್ರಮಕ್ಕೆ ಪಕ್ಕದವರೆಲ್ಲ ತಿರುಗಿ ನೋಡಿದರು. “ಹೊರಟ್ವಿ ಮಾವ! ನಾವು ಹೊರಟ್ವಿ!”

ಆ ಕಡೆಯಿಂದ ಬದರಿನಾಥರ ನಿದ್ದೆಗಣ್ಣಿನ ದನಿ ವಸಂತಾಳಿಗೂ ಸ್ಪಷ್ಟವಾಗಿ ಕೇಳಿಸಿತು. “ಅದನ್ನ ಈಗ್ಯಾಕೋ ಹೇಳ್ತೀಯ? ನೀವು ಶುಕ್ರವಾರಾನೇ ಹೊರಟ್ರಲ್ಲ!”

ಚಿಲ್ಲರೆ ಮುಗಿಯಿತು. ಫೋನು ಇಟ್ಟು, ಚೀಲಗಳನ್ನು ಬೆನ್ನಿಗೇರಿಸಿ, ಇಬ್ಬರೂ ಗೇಟಿನ ಕಡೆ ಓಡಿದರು.